ಜಗಲಿ ಇಳಿದು ಬನ್ನಿ, ತೋಟದಲ್ಲಿ ಕೆಲಸವಿದೆ

ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಸೇರಿದ ತೋಟದೂರಿನ ಎಲ್ಲರಿಗೂ ಒಂದು ಬಹಿರಂಗ ಪತ್ರ

ಪ್ರೀತಿಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ನಿಮ್ಮಲ್ಲಿ ಹೆಚ್ಚಿನವರ ಹೆಸರು ನನಗೆ ಗೊತ್ತಿಲ್ಲ. ಎಲ್ಲಿಂದ ಬಿದ್ದಿರಿ ಎಂಬುದು ಮಾತ್ರ ಹೆಚ್ಚುಕಡಿಮೆ ಗೊತ್ತು. ಹನ್ನೊಂದು ವರ್ಷದ ಹಿಂದೆ ನಾನಿದ್ದ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಆರು ಮಂದಿ ಸೇರುತ್ತಿದ್ದೆವು. ಇಬ್ಬರು ಅಡಿಕೆ ಮರದಿಂದ ಬಿದ್ದವರು, ಒಬ್ಬರು ಹಲಸಿನ ಮರದಿಂದ, ಇನ್ನೊಬ್ಬರು ಧರೆ ಕುಸಿದು ಮಣ್ಣಿನಡಿ ಸಿಕ್ಕವರು, ಒಬ್ಬ ಹುಡುಗ ಬೈಕಿನಿಂದ. ನಾನು ಕಾಳುಮೆಣಸು ಕೊಯ್ಯಲು ಹತ್ತಿದ್ದ ಏಣಿಯಿಂದ. ಆರರಲ್ಲಿ ಐವರು ತೋಟದವರು. ಕೈಗೆ ಮರಳಿನ ಚೀಲ ಕಟ್ಟಿಕೊಂಡು ಎತ್ತಿ ಇಳಿಸುವಾಗಲೂ ನಮ್ಮ ಮಾತು ಅಡಿಕೆ ಧಾರಣೆ, ಮಳೆ, ಕೊಳೆರೋಗ ಇಷ್ಟರ ಸುತ್ತಲೇ ತಿರುಗುತ್ತಿತ್ತು.

ಮನೆಗೆ ಹೊರಟ ದಿನ ಎಲ್ಲರಿಗೂ ಸಿಕ್ಕ ಬುದ್ಧಿಮಾತು ಒಂದೇ: ಇನ್ನು ಆರಾಮಾಗಿ ಕೂತಿರಿ. ಹೇಳಿದವರಿಗೆ ನಮ್ಮ ಮೇಲೆ ಪ್ರೀತಿಯೇ ಇತ್ತು. ನಾನೂ ಹದಿನಾಲ್ಕು ತಿಂಗಳು ಕೂತೆ. ಜಗಲಿಯ ಮೂಲೆಯಿಂದ ನಮ್ಮ ತೋಟದ ಮರಗಳ ತಲೆ ಮಾತ್ರ ಕಾಣುತ್ತದೆ, ಬುಡ ಕಾಣುವುದಿಲ್ಲ. ಕೊನೆಕೊಯ್ಲಿನ ದಿನ ಮರದ ಮೇಲಿನಿಂದ ಕೊನೆಗಾರ ಕೂಗುವುದು, ಹಗ್ಗದ ಮೇಲೆ ಕೊನೆ ಜಾರಿ ಬರುವ ಸುಯ್ಯೆನ್ನುವ ಸದ್ದು, ಕೆಳಗಿದ್ದವರು ನಗುವುದು ಎಲ್ಲ ಕೇಳಿಸುತ್ತಿತ್ತು. ನನ್ನ ಕೈಗೆ ಯಾರೋ ಮೊಬೈಲು ಕೊಟ್ಟಿದ್ದರು. ಹೊತ್ತು ಹೋಗಲಿ ಎಂದು.

ಈ ಪತ್ರ ಆ ಮೂಲೆಯಲ್ಲಿ ಇವತ್ತೂ ಕೂತಿರುವವರಿಗೆ. ನನಗೆ ಹೇಳಬೇಕಾದ್ದು ಇಷ್ಟೇ. ಜಗಲಿ ಇಳಿಯಿರಿ. ಮನೆಯವರು ಒಂದು ಸುತ್ತು ತೋಟ ತೋರಿಸಿಕೊಂಡು ಬಂದರೆ ಅಷ್ಟಕ್ಕೇ ತೃಪ್ತರಾಗಬೇಡಿ. ನಿಮ್ಮ ಪಾಲಿನ ಒಂದು ಕೆಲಸವನ್ನು ವಾಪಸು ಕೇಳಿ ಇಸಿದುಕೊಳ್ಳಿ. ಕೆಲಸ ಮುಗಿದ ಮೇಲೆ, ಯಾವ ಕಾರಣವನ್ನೂ ಹೇಳದೆ, ಸುಮ್ಮನೆ ಹೊಳೆದಂಡೆಗೂ ಹೋಗಿ.

ನಮ್ಮನೆ ಜಗಲಿಯಿಂದ ತೋಟದ ಮೊದಲ ಸಾಲಿಗೆ ನೂರಿಪ್ಪತ್ತು ಅಡಿ. ಅಷ್ಟರಲ್ಲಿ ಮೂರು ತಡೆ. ಜಗಲಿಯ ಎರಡು ಮೆಟ್ಟಿಲು, ಹಿತ್ತಿಲ ಬೇಲಿಯ ತಡಮೆ, ಅದರಾಚೆ ಕಾಲುವೆಯ ಮೇಲಿನ ಸಂಕ. ತಡಮೆ ಎಂದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ, ದನ ನುಗ್ಗದಂತೆ, ಮನುಷ್ಯರು ಕಾಲೆತ್ತಿ ದಾಟುವಂತೆ ಮಾಡಿದ್ದು. ಅದರ ಗೂಟ ಹುಗಿದಾಗ ಬುಡದ ಮಣ್ಣು ತುಳಿದವಳು ನಾನೇ. ಕಾಲೆತ್ತಲಾಗದವರೂ ಇದೇ ದಾರಿಯಲ್ಲಿ ಬರಬೇಕಾದೀತು ಎಂದು ಆವತ್ತು ನನಗೂ ಹೊಳೆದಿರಲಿಲ್ಲ.

ಮೆಟ್ಟಿಲಿನ ಲೆಕ್ಕ ಸುಲಭ. ಒಂದು ಇಂಚು ಏರಿಗೆ ಹನ್ನೆರಡು ಇಂಚು ಉದ್ದದ ಇಳಿಜಾರು ಬೇಕು. ನಮ್ಮ ಜಗಲಿ ಹದಿನಾಲ್ಕು ಇಂಚು ಎತ್ತರ, ಹಾಗಾಗಿ ಹದಿನಾಲ್ಕು ಅಡಿ. ಅಂಗಳದಲ್ಲಿ ಅಡಿಕೆ ಹರವಲು ಜಾಗ ಬಿಡಬೇಕಲ್ಲ, ಅದಕ್ಕೆ ಗೋಡೆಗುಂಟ ತಿರುಗಿಸಿ ಜಂಬಿಟ್ಟಿಗೆಯಲ್ಲಿ ಕಟ್ಟಿಸಿದೆವು. ಸಿಮೆಂಟು ಹಸಿಯಿದ್ದಾಗಲೇ ಹಿಡಿಕಡ್ಡಿಯಿಂದ ಅಡ್ಡಡ್ಡ ಗೀರು ಹಾಕಿಸಿ. ನುಣ್ಣಗೆ ಬಿಟ್ಟರೆ ಆಷಾಢಕ್ಕೆ ಹಾವಸೆ ಕಟ್ಟಿ ಗಾಲಿ ಜಾರುತ್ತದೆ. ತಡಮೆ ಕಿತ್ತು ಮೂರೂವರೆ ಅಡಿಯ ದಣಪೆ ಇಟ್ಟೆವು. ಸಂಕ ಮಾತ್ರ ಎರಡು ಸಲ ಮಾಡಿಸಬೇಕಾಯಿತು. ಮೊದಲ ಸಲ ಅಡಿಕೆ ದಬ್ಬೆಯನ್ನು ಉದ್ದುದ್ದಕ್ಕೆ ಹೊಡೆದಿದ್ದರು. ಮುಂದಿನ ಸಣ್ಣ ಗಾಲಿ ಎರಡು ದಬ್ಬೆಗಳ ಸಂದಿಗೆ ಇಳಿದು ನಾನು ಮುಂದಕ್ಕೆ ಮುಗ್ಗರಿಸಿದೆ. ಹಿಂದಿದ್ದ ಮೈದುನ ರವಿಕೆ ಹಿಡಿದೆಳೆಯದಿದ್ದರೆ ಕಾಲುವೆಗೆ ಬೀಳುತ್ತಿದ್ದೆ. ದಬ್ಬೆ ಅಡ್ಡಕ್ಕೇ ಇರಬೇಕು, ಬೆರಳು ತೂರದಷ್ಟು ಒತ್ತಾಗಿರಬೇಕು, ಎರಡೂ ಅಂಚಿಗೆ ನಾಲ್ಕಿಂಚಿನ ಕಟ್ಟು ಇರಬೇಕು. ಇಡೀ ಪತ್ರದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಸಂಕ ದಾಟಿದ ಮೇಲೆ ತೋಟದ ಮಣ್ಣು. ಮುಂಗಾಲಿ ಹೂತು ನಿಂತಿತು. ಎಷ್ಟು ನೂಕಿದರೂ ಇನ್ನಷ್ಟು ಹೂತಿತು. ಕುರ್ಚಿಯನ್ನು ತಿರುಗಿಸಿ ಹಿಮ್ಮುಖವಾಗಿ ಎಳೆದರೆ ದೊಡ್ಡ ಗಾಲಿ ಮುಂದಾಗಿ ಮಣ್ಣು, ಬೇರು, ಸೋಗೆ ಎಲ್ಲವನ್ನೂ ಹತ್ತಿಳಿಯುತ್ತದೆ ಎಂದು ನಮಗೆ ತಿಳಿಯಲು ಅರ್ಧ ಗಂಟೆ ಹಿಡಿಯಿತು. ಹೀಗೆ ನಾನು ನನ್ನ ತೋಟಕ್ಕೆ ಬೆನ್ನು ಮಾಡಿಕೊಂಡೇ ವಾಪಸು ಬಂದೆ. ತಿರುಗಿಸಿ ನಿಲ್ಲಿಸಿದಾಗ ಕಂಡಿದ್ದು ಮರಗಳ ಬುಡ. ಹದಿನಾಲ್ಕು ತಿಂಗಳು ಕಾಣದಿದ್ದ ಬುಡಗಳು, ಅವುಗಳ ಮೇಲಿನ ಬಿಳಿ ಕಲೆಗಳು, ಹಬ್ಬಿದ ಮೆಣಸಿನ ಬಳ್ಳಿ. ನಾನು ಅತ್ತೆ. ಸುತ್ತ ನಿಂತ ಮನೆಯವರಿಗೂ ಏನು ಮಾಡಬೇಕೆಂದು ತೋಚಲಿಲ್ಲ.

ಆಗ ಕೆಲಸಕ್ಕೆ ಬಂದಿದ್ದ ಒಬ್ಬ ಹೆಂಗಸು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಒಂದು ಅಡಿಕೆ ಕೊನೆ ತಂದು ನನ್ನ ತೊಡೆಯ ಮೇಲಿಟ್ಟರು. "ಸುಮ್ನೆ ಕೂತ್ಕಂಡು ಎಂತ ಮಾಡ್ತೀರಿ ಅಮ್ಮ, ಇದ್ನಾರೂ ಬಿಡಿಸಿ" ಎಂದರು. ಅಷ್ಟೇ ಹೇಳಿ ತಮ್ಮ ಕೆಲಸಕ್ಕೆ ಹೋದರು. ಆ ಹದಿನಾಲ್ಕು ತಿಂಗಳಲ್ಲಿ ನನ್ನ ಮೈ ಹೇಗಿದೆ, ಮಾತ್ರೆ ತಗೊಂಡ್ಯಾ ಎಂದು ಕೇಳಿದವರು ನೂರು ಮಂದಿ. ಕೆಲಸ ಹೇಳಿದವರು ಅವರೊಬ್ಬರೇ. ನಿಮ್ಮ ಮನೆಯವರು ಈ ಪತ್ರ ಓದುತ್ತಿದ್ದರೆ ಅವರಿಗೂ ಒಂದು ಮಾತು. ದಯವಿಟ್ಟು ನಮಗೆ ಕೆಲಸ ಹೇಳಿ. ತಪ್ಪಾದರೆ ಬೇರೆಯವರನ್ನು ಬೈಯುವಂತೆಯೇ ಬೈಯಿರಿ. ನಮ್ಮ ಕೈಯಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಕೆಲಸವೇ ನಮಗೆ ಹೇಳಲಿ, ನೀವು ಮೊದಲೇ ನಿಶ್ಚಯಿಸಬೇಡಿ.

ಈಗ ನನ್ನ ಪಾಲಿಗಿರುವ ಕೆಲಸ ಎರಡು.

ಮೊದಲನೆಯದು ಬೋರ್ಡೋ ದ್ರಾವಣ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ನಲವತ್ತು-ನಲವತ್ತೈದು ದಿನಕ್ಕೆ ಇನ್ನೊಂದು ಸಲ ಕೊನೆಗಳಿಗೆ ಔಷಧಿ ಹೊಡೆಯದಿದ್ದರೆ ಕೊಳೆ ಬಂದು ಕಾಯೆಲ್ಲ ಉದುರುತ್ತದೆ. ಮರ ಹತ್ತಿ ಹೊಡೆಯುವವರು ಬೇರೆ, ಆದರೆ ಕೆಳಗೆ ಕದಡುವವರ ಕೈ ಸರಿಯಿಲ್ಲದಿದ್ದರೆ ಮೇಲಿನವರು ಹೊಡೆದದ್ದೆಲ್ಲ ದಂಡ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಡ್ರಮ್ಮಿನ ನೀರಿಗೆ ಇಳಿಬಿಡಬೇಕು. ಕಬ್ಬಿಣದ ಪಾತ್ರೆ ಆಗದು. ಬೆಳಿಗ್ಗೆ ನೋಡಿದರೆ ಗಂಟು ಬರಿದಾಗಿ ನೀರು ದಟ್ಟ ನೀಲಿಯಾಗಿರುತ್ತದೆ. ಇನ್ನೊಂದು ಡ್ರಮ್ಮಿನಲ್ಲಿ ಸುಣ್ಣದ ತಿಳಿಹಾಲು. ಸುಣ್ಣದ ನೀರಿಗೆ ತುತ್ತದ ನೀರನ್ನು ಸಣ್ಣ ಧಾರೆಯಾಗಿ ಬಿಡುತ್ತ ಮರದ ಕೋಲಿನಿಂದ ಕದಡುತ್ತಲೇ ಇರಬೇಕು. ಕೋಲು ನಿಲ್ಲಬಾರದು. ಬಣ್ಣ ನಿಧಾನವಾಗಿ ತಿರುಗಿ, ಮಳೆ ನಿಂತ ಮರುದಿನದ ಆಕಾಶದ ಹಾಗಾಗುತ್ತದೆ. ಆಗ ತೊಳೆದು ಒರೆಸಿದ ಕತ್ತಿಯನ್ನು ಅದರಲ್ಲಿ ಅದ್ದಿ ಒಂದು ನಿಮಿಷ ಹಿಡಿಯುತ್ತೇನೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ತುತ್ತ ಹೆಚ್ಚಾಗಿದೆ ಎಂದರ್ಥ. ಹಾಗೇ ಹೊಡೆದರೆ ಸಿಂಗಾರ ಸುಡುತ್ತದೆ. ಸುಣ್ಣದ ನೀರು ಇನ್ನಷ್ಟು ಸೇರಿಸಿ ಮತ್ತೆ ಕತ್ತಿ ಅದ್ದಬೇಕು, ಅಲಗು ಬೆಳ್ಳಗೇ ಹೊರಬರುವ ತನಕ.

ನಾನು ಓಡಾಡುತ್ತಿದ್ದ ಕಾಲದಲ್ಲಿ ಈ ಕತ್ತಿ ಅದ್ದುವ ಕೆಲಸವನ್ನು ಯಾರೂ ಮನಸ್ಸಿಟ್ಟು ಮಾಡುತ್ತಿರಲಿಲ್ಲ, ನಾನೂ ಮಾಡುತ್ತಿರಲಿಲ್ಲ. ಎಲ್ಲರಿಗೂ ಅವಸರ. ಈಗ ನಮ್ಮನೆಯ ಔಷಧಿ ನನ್ನ ಕಣ್ಣು ತಪ್ಪಿಸಿ ಮರ ಹತ್ತುವುದಿಲ್ಲ. ಡ್ರಮ್ಮನ್ನು ಅರ್ಧಕ್ಕೆ ಕೊಯ್ಸಿ, ಅದರ ಬಾಯಿ ನನ್ನ ಮೊಣಕೈ ಮಟ್ಟಕ್ಕೆ ಬರುವ ಹಾಗೆ ಕಲ್ಲಿನ ಮೇಲೆ ಕೂರಿಸಿಕೊಂಡಿದ್ದೇನೆ. ತೊಡೆಗೆ ಪ್ಲಾಸ್ಟಿಕ್ ಹಾಳೆ, ಕಾಲಿಗೆ ಗಂಬೂಟು. ಸಿಡಿದದ್ದು ನಮಗೆ ಉರಿಯುವುದಿಲ್ಲ, ಆದರೆ ಚರ್ಮ ಸುಡುತ್ತದೆ, ಆ ಎಚ್ಚರ ಬೇಕು.

ಈ ಔಷಧಿ ಬರುವ ಮೊದಲು ನಮ್ಮ ಹಿರಿಯರು ಮರಮರ ಹತ್ತಿ ಕೊನೆಕೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಕೆನಡಾದಿಂದ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳನ್ನು ಸುತ್ತಿ, ಕೊಳೆರೋಗದ ಬುಡ ಯಾವುದೆಂದು ಕಂಡುಹಿಡಿದು 1910ರಲ್ಲಿ ಬರೆದಿಟ್ಟರು, ಬೋರ್ಡೋ ಹೊಡೆಯುವುದನ್ನು ಕಲಿಸಿದರು. ಮರ ಹತ್ತುವುದೆಂದರೇನು ಎಂದು ನಮಗೆ ಗೊತ್ತಲ್ಲ, ಹಾಗಾಗಿ ಒಂದಷ್ಟು ಸಲವಾದರೂ ಹತ್ತುವುದನ್ನು ತಪ್ಪಿಸಿದ ಆ ಮನುಷ್ಯನನ್ನು ಕೋಲು ತಿರುಗಿಸುವಾಗ ನಾನು ನೆನೆಯುವುದುಂಟು.

ಎರಡನೆಯ ಕೆಲಸ ಅಪ್ಪೆಮಿಡಿ ಕಸಿ. ಇದರ ಬಗ್ಗೆ ಬರೆಯಲು ಕೂತರೆ ನನ್ನ ಕೈ ನಿಲ್ಲುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಕೆಳಗಿನ ತೋಟದ ಜೇಡಿಮಣ್ಣಿಗೆ ಕುರ್ಚಿ ಇಳಿಸುವ ಹಾಗಿಲ್ಲ. ಅದು ಆಗದ ಮಾತು, ಆಗುತ್ತದೆಂದು ನಿಮಗೆ ಸುಳ್ಳು ಹೇಳುವುದಿಲ್ಲ. ಆ ನಾಲ್ಕು ತಿಂಗಳಿಗೆ ಅಂಗಳದ ಪಕ್ಕದ ಮಾಡಿನಡಿ ನನ್ನ ನರ್ಸರಿ. ಕಾಡುಮಾವಿನ ಸಸಿಯ ಕೊಟ್ಟೆಯನ್ನು ತೊಡೆಯ ಮೇಲಿನ ಮಣೆಯಲ್ಲಿಟ್ಟುಕೊಂಡು, ಗೇಣೆತ್ತರಕ್ಕೆ ತಲೆ ಸವರಿ, ಕಾಂಡವನ್ನು ನಡುಮಧ್ಯೆ ಒಂದೂವರೆ ಇಂಚು ಸೀಳುತ್ತೇನೆ. ಅದೇ ದಪ್ಪದ ಅಪ್ಪೆ ಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಬೆಣೆಯ ಹಾಗೆ ಹೆರೆಯಬೇಕು. ಒಂದೇ ಎಳೆತದಲ್ಲಿ ಹೆರೆಯಬೇಕು, ಚಾಕು ತಡವರಿಸಿದರೆ ಮೈ ಏರುಪೇರಾಗಿ ಒಳಗೆ ಗಾಳಿ ನಿಲ್ಲುತ್ತದೆ. ಹೆರೆದೊಡನೆ ಸೊನೆಯ ವಾಸನೆ ಏಳುತ್ತದೆ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದಾಗ ಬರುತ್ತದಲ್ಲ, ಅದೇ ಗಂಧ, ಇನ್ನೂ ಹಸಿಯಾಗಿ. ಬೆಣೆಯನ್ನು ಸೀಳಿಗೆ ಇಳಿಸಿ, ಸಿಪ್ಪೆಗೆ ಸಿಪ್ಪೆ ತಾಗಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೆ ಐಸ್‌ಕ್ಯಾಂಡಿ ಕೊಟ್ಟೆ ತೊಡಿಸಿದರೆ ಮುಗಿಯಿತು. ಮೂರು ವಾರಕ್ಕೆ ಆ ಕೊಟ್ಟೆಯ ಒಳಗೆ ಇಬ್ಬನಿಯ ನಡುವೆ ತಾಮ್ರದ ಬಣ್ಣದ ಚಿಗುರು ಕಣ್ಣು ಬಿಟ್ಟಿರುತ್ತದೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಎಷ್ಟು ಚಿಗುರಿವೆ ಎಂದು ಎಣಿಸಲು ಹೋಗುತ್ತೇನೆ.

ಕೂತು ಮಾಡುವ, ಎರಡು ಕೈ ಬೇಡುವ, ಅವಸರ ಸಹಿಸದ ಕೆಲಸ ತೋಟದೂರಿನಲ್ಲಿ ಎಷ್ಟೊಂದಿವೆ ಎಂದು ಆಮೇಲೆ ನನಗೆ ಕಾಣತೊಡಗಿತು. ಮೆಣಸಿನ ಬಳ್ಳಿಯನ್ನು ಹಿಪ್ಪಲಿಗೆ ಕಸಿ ಕಟ್ಟುವುದು, ಕೊಟ್ಟೆಗೆ ಮಣ್ಣು ತುಂಬುವುದು. ಅಡಿಕೆ ಸುಲಿಯುವುದಂತೂ ಸರಿಯೇ, ಕಾಲಿನಲ್ಲಿ ಒತ್ತಿ ಹಿಡಿಯುವ ಮೆಟ್ಟುಕತ್ತಿಯನ್ನು ಬೆಂಚಿಗೆ ಬೋಲ್ಟು ಹಾಕಿ ಬಿಗಿದರಾಯಿತು. ತುಡುವೆ ಜೇನಿನ ಪೆಟ್ಟಿಗೆಯೂ ಸ್ಟ್ಯಾಂಡಿನ ಮೇಲೆ ಸರಿಯಾಗಿ ನಮ್ಮ ಎದೆಯ ಮಟ್ಟಕ್ಕೇ ಬರುತ್ತದೆ. ಜೇನು ಎದ್ದರೆ ಓಡಲಾಗದು ಎಂಬುದೊಂದು ನೆನಪಿರಲಿ. ಮುಖಕ್ಕೆ ಪರದೆ ಹಾಕದೆ, ಪಕ್ಕದಲ್ಲಿ ಇನ್ನೊಬ್ಬರಿಲ್ಲದೆ ಪೆಟ್ಟಿಗೆ ತೆರೆಯಬೇಡಿ.

ಇದೆಲ್ಲ ಹೊಸ ವಿಚಾರವೂ ಅಲ್ಲ. ಬೆಂಗಳೂರಿನಲ್ಲಿ ಎನ್‌.ಎಸ್‌. ಹೇಮಾ ಎಂಬ ಹೆಣ್ಣುಮಗಳು, ಪೋಲಿಯೊದಿಂದ ಗಾಲಿಕುರ್ಚಿ ಹಿಡಿದವರು, 1959ರಲ್ಲೇ ಅಂಗವಿಕಲರ ಸಂಸ್ಥೆ ಎಪಿಡಿಯನ್ನು ಕಟ್ಟಿದರು. ಆ ಸಂಸ್ಥೆ ಜೀವನ್ ಬಿಮಾ ನಗರದಲ್ಲಿ ನಮ್ಮಂಥವರಿಗೆ ತೋಟಗಾರಿಕೆಯನ್ನೇ ಪಾಠವಾಗಿ ಕಲಿಸುತ್ತ ಬಂದಿದೆ. ಊರಿನ ಹುಡುಗರಿಗೆ ಕಂಪ್ಯೂಟರ್ ಕಲಿಯಿರಿ, ಝೆರಾಕ್ಸ್ ಅಂಗಡಿ ಇಡಿ ಎಂದು ಎಲ್ಲರೂ ಹೇಳುತ್ತಾರೆ. ಇಷ್ಟವಿದ್ದವರು ಮಾಡಲಿ, ಅದರಲ್ಲಿ ತಪ್ಪೇನಿಲ್ಲ. ಮಣ್ಣಿನಲ್ಲೇ ಕೈ ಆಡಿಸಿ ಬೆಳೆದವರನ್ನು, ಕಾಲು ಹೋಯಿತೆಂಬ ಒಂದೇ ಕಾರಣಕ್ಕೆ ನಾಲ್ಕು ಗೋಡೆಯ ಒಳಗಿನ ಕೆಲಸಕ್ಕೆ ದಾಟಿಸುವುದು ಮಾತ್ರ ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಇನ್ನು ಮೈಯ ವಿಚಾರ. ಇದನ್ನು ಹೇಳದೆ ನಿಮ್ಮನ್ನು ಹೊರಗೆ ಕರೆದರೆ ನನಗೆ ಪಾಪ ಸುತ್ತಿಕೊಳ್ಳುತ್ತದೆ. ಎರಡನೆಯ ವರ್ಷದ ಸುಗ್ಗಿಯಲ್ಲಿ ಸುಲಿಯುವ ಹುರುಪಿಗೆ ಬೆಳಿಗ್ಗೆ ಎಂಟಕ್ಕೆ ಕೂತವಳು ಮಧ್ಯಾಹ್ನದ ತನಕ ಮೈ ಎತ್ತಲಿಲ್ಲ. ದಿಂಬು ಒದ್ದೆಯಾಗಿದ್ದೂ ಗೊತ್ತಾಗಲಿಲ್ಲ. ನಾಲ್ಕು ದಿನಕ್ಕೆ ಕೂರುವ ಜಾಗದಲ್ಲಿ ಎಂಟಾಣೆಯಗಲದ ಕೆಂಪು, ಹತ್ತನೆಯ ದಿನಕ್ಕೆ ಹುಣ್ಣು. ಮೂರು ತಿಂಗಳು ಬೋರಲು ಮಲಗಿದೆ, ಆ ವರ್ಷದ ಚಿಗುರು ಒಂದನ್ನೂ ನೋಡಲಿಲ್ಲ. ತಪ್ಪು ಪೂರಾ ನನ್ನದು. ಅಂದಿನಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಮೊಬೈಲು ಕೂಗುತ್ತದೆ, ಕೈಯೂರಿ ಮೈಯೆತ್ತಿ, ಇಲ್ಲವೇ ಮೊಣಕಾಲಿನ ಮೇಲೆ ಮುಂದಕ್ಕೆ ಬಾಗಿ, ಒಂದೆರಡು ನಿಮಿಷ ಹಾಗೇ ಇರುತ್ತೇನೆ. ಹೊತ್ತು ಕಳೆಯಲಿ ಎಂದು ಕೊಟ್ಟ ಮೊಬೈಲು ಈಗ ಈ ಕೆಲಸಕ್ಕಿದೆ. ರಾತ್ರಿ ಮಲಗುವ ಮೊದಲು ಕನ್ನಡಿ ಹಿಡಿದು ಹಿಂಭಾಗ ನೋಡಿಕೊಳ್ಳಿ. ತೋಟದಿಂದ ಬಂದೊಡನೆ ಬೆರಳಸಂದಿಯಿಂದ ತೊಡೆಯ ತನಕ ಇಂಬಳ ಹುಡುಕಿ. ನಮ್ಮ ಕಾಲಿಗೆ ಹತ್ತಿದ ಇಂಬಳ ತಾನಾಗಿ ಹೊಟ್ಟೆ ತುಂಬಿ ಬೀಳುವ ತನಕ ನಮಗೆ ಸುದ್ದಿ ಬರುವುದಿಲ್ಲ. ಉಚ್ಚೆಗೆ ನಳಿಗೆ ಹಾಕಿಕೊಳ್ಳುವ ಹೊತ್ತನ್ನು ಕೆಲಸದ ನೆಪದಲ್ಲಿ ಮುಂದೂಡಬೇಡಿ. ಹೊರಗೆ ಹೋದರೆ ಜಾಗ ಸಿಗದೆಂದು ನೀರು ಕುಡಿಯದೆ ಇರುವವರು, ಹೆಂಗಸರಂತೂ, ಎಷ್ಟೋ ಮಂದಿ ಇದ್ದಾರೆ. ನಾನು ತೋಟದ ಮೂಲೆಯಲ್ಲಿ ಸೋಗೆ ಕಟ್ಟಿಸಿ, ಒಂದು ಬಕೆಟು, ಸೋಪು, ಮಣೆ ಇಟ್ಟುಕೊಂಡಿದ್ದೇನೆ. ನಾಚಿಕೆ ಬಿಟ್ಟು ಕೇಳಿ, ಮಾಡಿಸಿಕೊಳ್ಳಿ. ಕುತ್ತಿಗೆಯ ಹತ್ತಿರ ಪೆಟ್ಟಾದವರಿಗೆ ಬೆವರೇ ಬರದೆ ಮೈ ಕಾಯುತ್ತದೆ. ಅವರು ಬೆಳಿಗ್ಗೆ, ಸಂಜೆಯ ತಂಪಿನಲ್ಲೇ ಹೊರಡಲಿ, ನೀರು ಚಿಮುಕಿಸುವ ಬಾಟಲಿ ಮಡಿಲಲ್ಲಿರಲಿ.

ಇವೆಲ್ಲ ಕಲಿಯಲು ಜಾಗಗಳಿವೆ. ಬೆಳ್ತಂಗಡಿ ತಾಲೂಕಿನ ಸೌತಡ್ಕದ ಸೇವಾಧಾಮ ಬೆನ್ನುಹುರಿ ಪೆಟ್ಟಾದವರಿಗಾಗಿಯೇ ಇರುವ ಪುನಶ್ಚೇತನ ಕೇಂದ್ರ. ಆಸ್ಪತ್ರೆಯಿಂದ ನೇರ ಜಗಲಿಗೆ ಬಂದವರು ನಡುವೆ ಅಂಥ ಕಡೆ ಕೆಲವು ದಿನ ಇದ್ದು ಬಂದರೆ, ನಾನು ಹುಣ್ಣು ಮಾಡಿಕೊಂಡು ಕಲಿತದ್ದನ್ನು ಹುಣ್ಣಿಲ್ಲದೆ ಕಲಿಯಬಹುದು.

ಕುರ್ಚಿಯ ಬಗ್ಗೆ ಎರಡು ಮಾತು. ಆಸ್ಪತ್ರೆಯ ಮೊಸಾಯಿಕ್ ನೆಲದ ಮೇಲೆ ಇನ್ನೊಬ್ಬರು ನೂಕಲಿಕ್ಕೆಂದು ಮಾಡಿದ ಕುರ್ಚಿಯಲ್ಲಿ ತೋಟ ಸುತ್ತುವುದು ಆಗದ ಕೆಲಸ. ಸೊಂಟದ ಅಳತೆಗೆ ಮಾಡಿದ್ದು ಬೇಕು, ಗಾಳಿ ತುಂಬುವ ಅಗಲ ಟೈರು ಬೇಕು, ಮುಂಗಾಲಿ ಆದಷ್ಟು ದೊಡ್ಡದಿರಬೇಕು. ಮದ್ರಾಸ್ ಐಐಟಿಯಲ್ಲಿ ಹುಟ್ಟಿದ ನಿಯೋಮೋಷನ್ ಎಂಬ ಕಂಪನಿ 2021ರಲ್ಲಿ ಹೊರತಂದ ನಿಯೋಬೋಲ್ಟ್ ಎಂಬುದನ್ನು ನೀವು ನೋಡಿರಬಹುದು. ಕುರ್ಚಿಯ ಮುಂದಕ್ಕೆ ಸಿಕ್ಕಿಸುವ ಬ್ಯಾಟರಿಯ ಒಂಟಿ ಗಾಲಿ ಅದು, ಗಂಟೆಗೆ 25 ಕಿ.ಮೀ. ವೇಗ, ಒಂದು ಚಾರ್ಜಿಗೆ ಸುಮಾರು 25 ಕಿ.ಮೀ. ದೂರ. ಸಣ್ಣ ಗಾಲಿ ನೆಲ ಬಿಟ್ಟು ಮೇಲೇಳುವುದರಿಂದ ಮಣ್ಣುರಸ್ತೆಯಲ್ಲಿ ಹೂಳುವ ಕಾಟವೇ ಇಲ್ಲ. ಬೆಲೆ ಕೇಳಿ ಹಿಂದೆ ಸರಿಯಬೇಡಿ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ನಮ್ಮದೇ ಕೆಲಸಕ್ಕೆಂದು ನೇಮಕವಾದವರು. ಪಂಚಾಯಿತಿಯ ಹಣದಲ್ಲಿ ಶೇ 5 ಅಂಗವಿಕಲರಿಗೆ ಮೀಸಲು. ಆ ಹಣ ವರ್ಷದ ಕೊನೆಗೆ ಯಾವುದಕ್ಕೋ ಖರ್ಚಾಗುವ ಮೊದಲು ಗ್ರಾಮಸಭೆಯಲ್ಲಿ ಕೂತು ಕೇಳಿ. ನಮ್ಮೂರ ಸಭೆಗೆ ನಾನು ಮೊದಲ ಸಲ ಹೋದಾಗ ಸಭಾಭವನಕ್ಕೆ ಐದು ಮೆಟ್ಟಿಲಿತ್ತು. ಅಂಗಳದಲ್ಲೇ ಕೂತು, ಸಭೆ ಇಲ್ಲಿಗೆ ಬರಲಿ ಎಂದೆ. ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 37ನೆಯ ಸೆಕ್ಷನ್ ಸರ್ಕಾರ ಹಂಚುವ ಕೃಷಿ ಭೂಮಿಯಲ್ಲೂ ಶೇ 5 ನಮಗಿರಬೇಕು, ಹೆಂಗಸರಿಗೆ ಆದ್ಯತೆ ಇರಬೇಕು ಎನ್ನುತ್ತದೆ. ಕೃಷಿ ನಮ್ಮ ಕೈಲಾಗದ ಕೆಲಸ ಎಂದು ಆ ಕಾಯ್ದೆ ಬರೆದವರಿಗೆ ಅನ್ನಿಸಿರಲಿಲ್ಲ ಎಂಬುದೇ ನನಗೆ ಅದರಲ್ಲಿ ಬಹಳ ಇಷ್ಟ.

ಅದೇ ಕಾಯ್ದೆಯ 29ನೆಯ ಸೆಕ್ಷನ್ ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆಗಳಲ್ಲಿ ನಮಗೆ ಪಾಲು ಸಿಗುವಂತೆ ಮಾಡಬೇಕು ಎಂದೂ ಹೇಳುತ್ತದೆ. ಇಲ್ಲಿಂದ ಮುಂದೆ ನಾನು ಹೇಳುವುದು ಕೆಲಸದ ಮಾತಲ್ಲ, ಖುಷಿಯ ಮಾತು. ಇದೇ ನನಗೆ ಹೆಚ್ಚು ಕಷ್ಟವಾದದ್ದು.

ನಾನು ಕಸಿ ಕಟ್ಟುವ ಅಪ್ಪೆಯ ಕಡ್ಡಿ ಮೂರು ಕಿಲೋಮೀಟರ್ ದೂರದ ಹೊಳೆದಂಡೆಯ ಒಂದು ಮರದ್ದು. ಮದುವೆಯಾಗಿ ಬಂದ ವರ್ಷ ಆ ಮರದಡಿ ಕೂತು ಮಿಡಿ ಆರಿಸಿದ್ದೆ. ಏಳು ವರ್ಷ ಆ ಮರದ ಕಡ್ಡಿ ಬೇರೆಯವರು ಕೊಯ್ದು ತಂದುಕೊಟ್ಟರು, ನಾನು ಕಟ್ಟಿದೆ. ಒಂದು ದಿನ ಮರ ನೋಡಬೇಕು ಎಂದೆ. ಯಾಕೆ ಎಂದರು. ಸುಮ್ಮನೆ ಎಂದೆ. "ಸುಮ್ನೆ ಅಷ್ಟು ದೂರ ಎಂತಕ್ಕೆ ಮಾರಾಯ್ತಿ, ಫೋಟೋ ತೆಗ್ದು ತರ್ತ್ವಿ ಬಿಡು." ಆಸ್ಪತ್ರೆಗೆ ಹೋಗಬೇಕೆಂದರೆ ನಡುರಾತ್ರಿ ಜೀಪು ಹೊರಡಿಸುವ ಜನ ಇವರು. ನನ್ನ ಕಾಯಿಲೆಗೆ ಸಿಗುವ ಜೀಪು ನನ್ನ ಸಂತೋಷಕ್ಕೂ ಸಿಗಬೇಕು ಎಂದು ಕೇಳಲು ನನಗೆ ಗಂಟಲು ಕಟ್ಟಿತು. ಆದರೂ ಕೇಳಿದೆ. ಒಂದು ದಿನ ಊಟ ಬಿಟ್ಟು ಕೂತು ಕೇಳಿದೆ ಎಂದೂ ಮುಚ್ಚಿಡದೆ ಹೇಳುತ್ತೇನೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಹೊರಟೆವು. ಮಣ್ಣುರಸ್ತೆ ಇರುವ ತನಕ ಬ್ಯಾಟರಿ ಗಾಲಿಯಲ್ಲಿ ನಾನೇ ಓಡಿಸಿಕೊಂಡು ಹೋದೆ. ಮುಖಕ್ಕೆ ಗಾಳಿ ಬಡಿಯುವಷ್ಟು ವೇಗದಲ್ಲಿ ನಾನಾಗಿ ಚಲಿಸಿದ್ದು ಬಿದ್ದ ಮೇಲೆ ಅದೇ ಮೊದಲು. ರಸ್ತೆ ಮುಗಿದಲ್ಲಿಂದ ಅಕ್ಕನ ಮಗ ಕುರ್ಚಿಯ ಹಿಂದಕ್ಕೆ ಎರಡು ಹಗ್ಗ ಕಟ್ಟಿ ಹಿಮ್ಮುಖವಾಗಿ ಎಳೆದ, ಅವನ ಗೆಳೆಯ ಎದುರಿನಿಂದ ಹಿಡಿದುಕೊಂಡ. ಎತ್ತಿಕೊಂಡು ಹೋಗ್ತೇವೆ ಚಿಕ್ಕಮ್ಮ, ಬೇಗ ಆಗ್ತದೆ ಎಂದರು. ಬೇಡ ಎಂದೆ. ಎತ್ತಿಕೊಂಡರೆ ಅವರು ಎಲ್ಲಿ ಇಳಿಸುತ್ತಾರೋ ಅಲ್ಲಿ ನಾನು, ಎಷ್ಟು ಹೊತ್ತು ಬಿಡುತ್ತಾರೋ ಅಷ್ಟು ಹೊತ್ತು. ಕುರ್ಚಿ ಜೊತೆಗಿದ್ದರೆ ಎರಡಡಿ ಈಚೆ ಬೇಕೆನಿಸಿದಾಗ ನಾನೇ ಈಚೆ ಸರಿಯಬಹುದು.

ಮರ ಹಾಗೇ ಇತ್ತು. ಒಂದು ಕೊಂಬೆ ಮುರಿದಿತ್ತು, ಅದರ ಗಾಯದ ಸುತ್ತ ತೊಗಟೆ ದಪ್ಪಗೆ ಮಡಚಿಕೊಂಡಿತ್ತು. ಬೇರು ಹೊಳೆಯ ಕಡೆ ಬಾಗಿ, ನೀರು ಇಳಿದಿದ್ದರಿಂದ ಅರ್ಧ ಹೊರಗೆ ಕಾಣುತ್ತಿತ್ತು. ಹುಡುಗರನ್ನು ಈಜಲು ಕಳಿಸಿ ನಾನೊಬ್ಬಳೇ ಕೂತೆ. ಗಾಳಿ ಬಂದಾಗ ಮಿಡಿ ಒಂದೊಂದೇ ತರಗೆಲೆಯ ಮೇಲೆ ಟಪ್ಪೆಂದು ಬೀಳುತ್ತಿತ್ತು. ಒಂದು ನನ್ನ ಮಡಿಲಿಗೇ ಬಿತ್ತು. ಕಚ್ಚಿದೆ. ಆಚೆ ದಡದ ಬಂಡೆಯ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಯಾರೂ ನನ್ನನ್ನು ಏನು ಬೇಕು ಎಂದು ಕೇಳದ ಒಂದೂವರೆ ಗಂಟೆ. ಅದರ ಮೊದಲು ಅಷ್ಟು ಹೊತ್ತು ನಾನು ಒಬ್ಬಳೇ ಹೊರಗಿದ್ದದ್ದು ಯಾವಾಗ ಎಂದು ನೆನಪು ಮಾಡಿಕೊಂಡೆ. ಏಣಿ ಹತ್ತಿದ ಆ ದಿನ.

ಈಗ ತಿಂಗಳಿಗೊಮ್ಮೆ ಎಲ್ಲಿಗಾದರೂ ಹೊರಡುತ್ತೇನೆ. ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯ ಮಂಡಗದ್ದೆ ನಮಗೆ ಹೇಳಿಮಾಡಿಸಿದ ಜಾಗ. ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವುದು ರಸ್ತೆಬದಿಯಿಂದಲೇ ಕಾಣುತ್ತದೆ. ವೀಕ್ಷಣಾ ಗೋಪುರ ಹತ್ತಲಾಗದಿದ್ದರೂ ನಷ್ಟವಿಲ್ಲ. ಎಲ್ಲ ಕಡೆ ಹೀಗಿಲ್ಲ. ಒಂದು ಜಲಪಾತದ ಬಳಿ, ಹೆಸರು ಬೇಡ, ಟಿಕೆಟು ತೆಗೆದುಕೊಂಡ ಮೇಲೆ ಕಾವಲಿನವರು ನಮ್ಮವರಿಗೆ ಹೇಳಿದರು: ಇವರನ್ನು ಕಾರಲ್ಲೇ ಕೂರಿಸಿ, ನೀವು ನೋಡಿ ಬನ್ನಿ. ಹನ್ನೊಂದು ಮೆಟ್ಟಿಲು ನಡುವೆ ಇದ್ದದ್ದು. ನೀರಿನ ಸದ್ದು ಕೇಳುತ್ತ ಕಾರಲ್ಲಿ ಕೂತಾಗ ನನಗೆ ಹಳೆಯ ಜಗಲಿಯೇ ನೆನಪಾಯಿತು. ಚೆನ್ನೈನ ಮರೀನಾದಲ್ಲಿ 2022ರ ನವೆಂಬರಿನಲ್ಲಿ ಮರಳಿನ ಮೇಲೆ ಅಲೆಗಳ ಹತ್ತಿರದ ತನಕ 263 ಮೀಟರ್ ಉದ್ದದ ಮರದ ಹಾದಿ ಹಾಸಿದರು. ಮರುತಿಂಗಳೇ ಚಂಡಮಾರುತ ಅದನ್ನು ಮುರಿಯಿತು, ಅವರು ಮತ್ತೆ ಸರಿ ಮಾಡಿದರು. ನಮ್ಮ ಹೊನ್ನಾವರದ ಕಾಸರಕೋಡು, ಉಡುಪಿ ಕಡೆಯ ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಅಂಗವಿಕಲರಿಗೆ ದಾರಿ ಇರಬೇಕೆಂಬುದು ಆ ಮಾನ್ಯತೆಯ ನಿಯಮಗಳಲ್ಲೇ ಇದೆ. ಹೋಗಿ. ದಾರಿ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಂತು, ಮುಂದೆ ಯಾಕಿಲ್ಲ ಎಂದು ಕೇಳಿ, ಅಲ್ಲಿನ ದೂರು ಪುಸ್ತಕದಲ್ಲಿ ಬರೆದು ಬನ್ನಿ. ನಾವು ಹೋಗದ ಜಾಗಕ್ಕೆ ಯಾರೂ ನಮಗಾಗಿ ದಾರಿ ಹಾಸುವುದಿಲ್ಲ.

ನಿಮ್ಮಲ್ಲಿ ಒಬ್ಬರಿಗೆ ಹೋದ ವಾರ ಫೋನು ಮಾಡಿದ್ದೆ, ಫಿಸಿಯೋಥೆರಪಿ ಕೋಣೆಯ ಆ ಆರರಲ್ಲಿ ಒಬ್ಬರು, ಅಡಿಕೆ ಮರದಿಂದ ಬಿದ್ದವರು. ಊರಿಗೇ ಹೆಸರಾದ ಕೊನೆಗಾರರಾಗಿದ್ದರು. ಹನ್ನೊಂದು ವರ್ಷದಿಂದ ತೋಟ ನೋಡಿಲ್ಲ ಎಂದರು. ಮರ ಕಂಡರೆ ಭಯವಾ ಅಣ್ಣ ಎಂದು ಕೇಳಿದೆ. ಭಯ ಇಲ್ಲ, ಹತ್ತಬೇಕು ಅನ್ನಿಸ್ತದೆ, ಅದಕ್ಕೇ ಹೋಗುವುದಿಲ್ಲ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ನನಗೂ ಮೆಣಸು ಹಣ್ಣಾದಾಗ ಏಣಿ ನೋಡಿದರೆ ಕೈ ಚುರುಗುಟ್ಟುತ್ತದೆ. ಆದರೆ ಯಾವ ಕೊನೆ ಇಳಿಸುವ ಹದಕ್ಕೆ ಬಂದಿದೆ ಎಂದು ಬುಡದಲ್ಲಿ ನಿಂತು ಹೇಳಬಲ್ಲ ಕಣ್ಣು ಈಗಿನ ಹುಡುಗರಲ್ಲಿ ಯಾರಿಗೂ ಇಲ್ಲ, ಅದು ಅವರಿಗಿದೆ. ನಾಡಿದ್ದು ಭಾನುವಾರ ಅವರನ್ನು ನಮ್ಮ ತೋಟಕ್ಕೆ ಬರಹೇಳಿದ್ದೇನೆ. ಬರುತ್ತೇನೆ ಎಂದಿದ್ದಾರೆ, ನೋಡಬೇಕು. ಸಂಕದ ಒಂದು ದಬ್ಬೆ ಸಡಿಲವಾಗಿತ್ತು, ನಿನ್ನೆ ಮೊಳೆ ಹೊಡೆಸಿದೆ.

ರೋಹಿಣಿ ಮಳೆ ಎರಡು ದಿನದಿಂದ ಬಿಟ್ಟು ಬಿಟ್ಟು ಬರುತ್ತಿದೆ. ನಾಳೆ ಹೊಳವಾದರೆ ಮೊದಲ ಔಷಧಿ ಹೊಡೆಯಲು ಜನ ಬರುತ್ತಾರೆ. ತುತ್ತದ ಗಂಟು ಇನ್ನೂ ನೀರಿಗೆ ಬಿಟ್ಟಿಲ್ಲ, ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ.

ನಿಮ್ಮವಳು,
ಸಾಗರ ಸೀಮೆಯ ಒಬ್ಬ ತೋಟಗಾರ್ತಿ